ಬುಜ್ಲುಜಾ ಗುಡ್ಡದ ಮೇಲೊಂದು ಸೋರುವ ಮಾಡು

ಮಾಡು ಸೋರದ ಹಾಗೆ ನೋಡಿಕೊಳ್ಳುವುದು ನನ್ನ ಕಸುಬು. ಕಾರವಾರದಲ್ಲಿ ಇಪ್ಪತ್ತಾರು ವರ್ಷದಿಂದ ಅದನ್ನೇ ಮಾಡಿಕೊಂಡಿದ್ದೇನೆ. ಟೆರೇಸ್ ಸೋರಿದರೆ, ಬಾತ್‌ರೂಮಿನ ಅಡಿಯ ಸ್ಲ್ಯಾಬ್ ಒದ್ದೆಯಾದರೆ, ದೇವರ ಕೋಣೆಯ ಗೋಡೆ ಮೇಲೆ ಆಸ್ಟ್ರೇಲಿಯಾ ನಕ್ಷೆಯಂಥ ಕಲೆ ಎದ್ದರೆ ಜನ ನನಗೆ ಫೋನ್ ಮಾಡುತ್ತಾರೆ. ಏಪ್ರಿಲ್‌ನಲ್ಲೇ ಮಾಡಿಸಿ ಅಂದರೆ ಯಾರೂ ಕೇಳುವುದಿಲ್ಲ. ಜೂನ್ ಎರಡನೇ ವಾರ, ಜಡಿಮಳೆ ಹಿಡಿದು, ಹಾಲ್‌ನಲ್ಲಿ ಮೂರು ಬಕೆಟ್ ಇಟ್ಟಾದ ಮೇಲೆ ಮಾಡುತ್ತಾರೆ.

ಹಾಗಾಗಿ ಮೇ ತಿಂಗಳು ಅಂದರೆ ನನಗೆ ಉಸಿರಾಡಲೂ ಪುರುಸೊತ್ತಿಲ್ಲ. ಅಂಥ ಮೇ ತಿಂಗಳಲ್ಲೇ, 2024ರಲ್ಲಿ, ಹನ್ನೆರಡು ದಿನ ಕೆಲಸ ಬಿಟ್ಟು ಬಲ್ಗೇರಿಯಾಕ್ಕೆ ಹೋಗಿ ಬಂದೆ. ನಮ್ಮ ಮೇಸ್ತ್ರಿ ನನ್ನನ್ನು ನೋಡಿದ ನೋಟ ಇವತ್ತಿಗೂ ನೆನಪಿದೆ. "ಸೀಸನ್ನಲ್ಲೇ ಹೋಗ್ಬೇಕಾ ಸಾಹೇಬ್ರೆ? ಆ ಊರು ಅಕ್ಟೋಬರ್‌ನಲ್ಲಿ ಇರೂದಿಲ್ವಾ?"

ಇರುತ್ತದೆ. ಆದರೆ ಗುಲಾಬಿ ಇರುವುದಿಲ್ಲ. ಮಗಳು ಪ್ಲೊವ್‌ಡಿವ್ ಎಂಬ ಊರಿನಲ್ಲಿ ಮೆಡಿಕಲ್ ಓದುತ್ತಿದ್ದಾಳೆ. ಅಲ್ಲಿಂದ ಎರಡು ತಾಸು ದೂರದಲ್ಲಿ ಕಜಾನ್‌ಲಕ್ ಅಂತ ಊರು. ಅದರ ಸುತ್ತಲಿನ ಕಣಿವೆಯಲ್ಲಿ ಮೇ ಕೊನೆಗೆ ಗುಲಾಬಿ ಕೊಯ್ಲು. ಬೆಳಗಿನ ಜಾವ ಹೂವು ಕೊಯ್ದು, ಬಿಸಿಲೇರುವ ಮೊದಲು ಭಟ್ಟಿಗೆ ಸಾಗಿಸುತ್ತಾರೆ. ಒಂದು ಕೆಜಿ ಎಣ್ಣೆಗೆ ಮೂರು ಸಾವಿರ ಕೆಜಿಗೂ ಜಾಸ್ತಿ ಹೂವು ಬೇಕಂತೆ. ನನ್ನ ಹೆಂಡತಿಗೆ ಅದನ್ನು ನೋಡುವ ಆಸೆ. ಹೋಗುವ ತನಕ ಮಾತ್ರ "ಕರಿ ಇಶಾಡ ಮುಗಿದೇ ಹೋಗ್ತದೆ, ಈ ವರ್ಷ ಒಂದು ಹಣ್ಣೂ ಸರಿಯಾಗಿ ತಿಂದಿಲ್ಲ" ಅಂತ ಗೊಣಗುತ್ತಿದ್ದಳು. ಅಂಕೋಲಾದವಳು, ಅವಳ ಈ ಮಾವಿನ ಹಣ್ಣಿನ ದುಃಖ ಬೇರೆಯವರಿಗೆ ಅರ್ಥವಾಗುವುದು ಕಷ್ಟ.

ನನಗೆ ಮಗಳು ಬೇರೆ ಆಸೆ ತೋರಿಸಿದ್ದಳು. "ಅಪ್ಪಾ, ಹೂವು ಆಯಿಗೆ. ನಿಂಗೆ ಒಂದು ಮಾಡು ತೋರಿಸ್ತೆ. ನಿನ್ನ ಇಡೀ ಜೀವನದಲ್ಲಿ ಅಂಥ ಸೋರುವ ಮಾಡು ನೋಡಿರೂದಿಲ್ಲ."

ಕಜಾನ್‌ಲಕ್‌ನ ಗುಲಾಬಿ ಗದ್ದೆಯಲ್ಲಿ ನಿಂತರೆ ಉತ್ತರಕ್ಕೆ ಉದ್ದಕ್ಕೂ ಬೆಟ್ಟದ ಸಾಲು. ಅದರ ನೆತ್ತಿಯ ಮೇಲೆ ಬೂದು ಬಣ್ಣದ ಒಂದು ಉರುಟು ವಸ್ತು. ಎಲ್ಲರೂ ಅದನ್ನು ಹಾರುವ ತಟ್ಟೆ ಅನ್ನುತ್ತಾರೆ. ನನಗೆ ಹಾಗೆ ಕಾಣಲಿಲ್ಲ. ಆಲೆಮನೆಯ ಕೊಪ್ಪರಿಗೆಯ ಮೇಲೆ ಇನ್ನೊಂದು ಕೊಪ್ಪರಿಗೆ ಬೋರಲು ಹಾಕಿ ಬಾಯಿಗೆ ಬಾಯಿ ಮುಚ್ಚಿದ ಹಾಗೆ ಕಂಡಿತು. ಪಕ್ಕದಲ್ಲಿ ಎರಡು ಹಲಗೆ ಜೋಡಿಸಿ ನಿಲ್ಲಿಸಿದಂಥ ಕಂಬ. ಕಂಬದ ಮೇಲ್ತುದಿಯಲ್ಲಿ ನಕ್ಷತ್ರ.

ಅದು ಬಲ್ಗೇರಿಯಾದ ಕಮ್ಯುನಿಸ್ಟ್ ಪಕ್ಷ ಕಟ್ಟಿಸಿದ ಸ್ಮಾರಕ ಭವನ, ಈಗ ಪಾಳು. ಜಾಗದ ಹೆಸರು ಬುಜ್ಲುಜಾ. ತುರ್ಕಿ ಮಾತಿನಿಂದ ಬಂದ ಹೆಸರು, ಮಂಜುಗಡ್ಡೆಯ ಜಾಗ ಅಂತ ಅರ್ಥ. ಹೆಸರಲ್ಲೇ ಅರ್ಧ ಕತೆ ಇದೆ, ಮುಂದೆ ಹೇಳುತ್ತೇನೆ.

ಗುಡ್ಡಕ್ಕೆ ಇತಿಹಾಸ ಹಳೆಯದು. 1868ರಲ್ಲಿ ಹಾಜಿ ದಿಮಿತರ್ ಎಂಬ ಬಂಡಾಯಗಾರ ತನ್ನ ಪಡೆಯ ಜೊತೆ ತುರ್ಕರ ಎದುರು ಇಲ್ಲಿ ಕೊನೆಯ ಕಾಳಗ ಕೊಟ್ಟ. 1891ರಲ್ಲಿ ದಿಮಿತರ್ ಬ್ಲಾಗೊಯೆವ್ ಮತ್ತು ಜೊತೆಯ ಸಮಾಜವಾದಿಗಳು ಗುಟ್ಟಾಗಿ ಇದೇ ಗುಡ್ಡ ಹತ್ತಿ ಸಭೆ ಸೇರಿ ಪಕ್ಷ ಕಟ್ಟಿದರು. ಮುಂದೆ ಆ ಪಕ್ಷದ ವಾರಸುದಾರರಾದ ಕಮ್ಯುನಿಸ್ಟರೇ ದೇಶ ಆಳಿದರು. ಆಳುವವರಿಗೆ ತಾವು ಹುಟ್ಟಿದ ಜಾಗದಲ್ಲಿ ಏನಾದರೂ ದೊಡ್ಡದು ಕಟ್ಟಬೇಕು ಅನ್ನಿಸುತ್ತದೆ. ನಮ್ಮ ಕಡೆಯೂ ಅನ್ನಿಸುತ್ತದೆ.

ನಕ್ಷೆ ಹಾಕಿದವರು ಗಿಯೋರ್ಗಿ ಸ್ತೊಯಿಲೊವ್. ಅದಕ್ಕೂ ಮೊದಲು ರಾಜಧಾನಿ ಸೋಫಿಯಾದ ಮೇಯರ್ ಆಗಿದ್ದವರು. 1974ರ ಜನವರಿಯಲ್ಲಿ ಕೆಲಸ ಶುರು. ಗುಡ್ಡ ಚೂಪಾಗಿತ್ತು, ಕಟ್ಟಡ ಕೂರಲು ಸಪಾಟು ಬೇಕಿತ್ತು. ಸಿಡಿಮದ್ದು ಇಟ್ಟು ನೆತ್ತಿ ಹಾರಿಸಿದರು. 1441 ಮೀಟರ್ ಇದ್ದ ಗುಡ್ಡ 1432ಕ್ಕೆ ಇಳಿಯಿತು. ಇಳಿದ ಮೇಲೂ ನಮ್ಮ ಸಿರ್ಸಿಯ ಎತ್ತರಕ್ಕೆ ಎರಡು ಪಟ್ಟಿಗೂ ಜಾಸ್ತಿ. ಸೈನ್ಯದ ಕಟ್ಟಡ ಪಡೆಯವರು, ಕಲಾವಿದರು, ಸ್ವಯಂಸೇವಕರು ಎಲ್ಲ ಸೇರಿ ಆರು ಸಾವಿರಕ್ಕೂ ಜಾಸ್ತಿ ಜನ ದುಡಿದರು. 70,000 ಟನ್ ಕಾಂಕ್ರೀಟು, 3,000 ಟನ್ ಉಕ್ಕು. ಆ ಲೆಕ್ಕ ಓದಿದ ಕೂಡಲೇ ನನ್ನ ತಲೆ ತನ್ನಷ್ಟಕ್ಕೆ ಲಾರಿ ಎಣಿಸಿತು. ಇಪ್ಪತ್ತು ಟನ್ನಿನ ಲಾರಿಯಾದರೆ ಮೂರೂವರೆ ಸಾವಿರ ಲೋಡು. ಅದೂ ಘಟ್ಟದ ರಸ್ತೆಯಲ್ಲಿ, ಆರು ತಿಂಗಳು ಹಿಮ ಬೀಳುವ ಜಾಗಕ್ಕೆ. ದೇವಿಮನೆ ಘಟ್ಟದಲ್ಲಿ ಒಂದು ಲೋಡು ಚಿರೆಕಲ್ಲು ಹತ್ತಿಸಲು ಡ್ರೈವರ್‌ಗಳು ಎಷ್ಟು ಬೈಯುತ್ತಾರೆ ಅಂತ ನನಗೆ ಗೊತ್ತು.

ಕಂಬದ ಎತ್ತರ 70 ಮೀಟರ್. ಮುರ್ಡೇಶ್ವರದ ರಾಜಗೋಪುರಕ್ಕಿಂತ ಸ್ವಲ್ಪ ಗಿಡ್ಡ. ಎರಡು ಬದಿಗೂ 12 ಮೀಟರಿನ ಕೆಂಪು ಗಾಜಿನ ನಕ್ಷತ್ರ, ಒಳಗೆ ದೀಪ. ಒಳಗಡೆ ದೊಡ್ಡ ಉರುಟು ಸಭಾಂಗಣ. ಸುತ್ತ ಮೊಸಾಯಿಕ್, 937 ಚದರ ಮೀಟರ್. ನಮ್ಮ ಅಳತೆಯಲ್ಲಿ ಹತ್ತು ಸಾವಿರ ಚದರ ಅಡಿ, ಪೂರ್ತಿ ಚೂರು ಚೂರು ಗಾಜು ಮತ್ತು ಕಲ್ಲು. ಸುಮಾರು ಅರವತ್ತು ಕಲಾವಿದರು ಒಂದೂವರೆ ವರ್ಷ ಕೂತು ಅಂಟಿಸಿದರು. ಬರೀ ಗಾಜೇ 35 ಟನ್. ಒಂದು ಕಡೆ ಮಾರ್ಕ್ಸ್, ಎಂಗೆಲ್ಸ್, ಲೆನಿನ್. ಇನ್ನೊಂದು ಕಡೆ ತಮ್ಮದೇ ದೇಶದ ನಾಯಕರು, ಅವರಲ್ಲಿ ಆಗ ಅಧಿಕಾರದಲ್ಲಿದ್ದ ತೋದೊರ್ ಜಿವ್ಕೊವ್ ಕೂಡ. 1981ರ ಆಗಸ್ಟ್ 23ರಂದು ಆತನೇ ಬಂದು ಉದ್ಘಾಟನೆ ಮಾಡಿದ. ತನ್ನ ಮುಖ ಇರುವ ಗೋಡೆಯನ್ನು ತಾನೇ ಉದ್ಘಾಟಿಸುವಾಗ ಮನುಷ್ಯನಿಗೆ ಎಲ್ಲಿ ನೋಡಬೇಕು ಅನ್ನಿಸುತ್ತದೋ ಏನೋ.

ಖರ್ಚು 1 ಕೋಟಿ 41 ಲಕ್ಷ ಲೆವ, ಲೆವ ಅಂದರೆ ಅಲ್ಲಿನ ಆಗಿನ ಹಣ. ಅದನ್ನು ಜನರಿಂದ ಎತ್ತಿದರು. ಸ್ಟಾಂಪ್ ಮಾರಿದರು, ದೇಣಿಗೆ ತಗೊಂಡರು. ನಮ್ಮೂರಲ್ಲಿ ಭಜನಾ ಮಂದಿರಕ್ಕೆ ವಂತಿಗೆ ಎತ್ತುತ್ತಾರಲ್ಲ, ಹಾಗೆ. ವಂತಿಗೆ ಖುಷಿಯಿಂದ ಕೊಟ್ಟದ್ದೋ ತಪ್ಪಿಸಿಕೊಳ್ಳಲಾಗದೆ ಕೊಟ್ಟದ್ದೋ ಅಂತ ಕೇಳಬೇಕಾದರೆ ಮಗಳ ಮನೆ ಯಜಮಾನಿಯನ್ನೇ ಕೇಳಬೇಕು. ಎಪ್ಪತ್ತು ದಾಟಿದ ಅಜ್ಜಿ, ಶಾಲೆಯಲ್ಲಿ ಟೀಚರ್ ಆಗಿದ್ದವರು. ಮಗಳು ಅವರನ್ನು ಬಾಬಾ ಅನ್ನುತ್ತಾಳೆ. ಅಲ್ಲಿ ಬಾಬಾ ಅಂದರೆ ಅಜ್ಜಿ. ಫೋನಿನಲ್ಲಿ ಅವಳು "ಬಾಬಾ ಮನೆಗೆ ಊಟಕ್ಕೆ ಹೋಗಿದ್ದೆ" ಅಂದಾಗ ನನ್ನ ಹೆಂಡತಿ ಯಾವ ಸಾಧು ಅಂತ ಎರಡು ದಿನ ನಿದ್ದೆಗೆಟ್ಟಿದ್ದಳು.

ಬಾಬಾ ನಮಗೆ ತರಾತೊರ್ ಮಾಡಿ ಹಾಕಿದರು. ಮೊಸರು, ಸಣ್ಣಗೆ ಹೆಚ್ಚಿದ ಸೌತೆಕಾಯಿ, ಬೆಳ್ಳುಳ್ಳಿ, ಸೊಪ್ಪು, ತಣ್ಣಗೆ. ಮೇಲೆ ಅಕ್ರೋಟ್ ಚೂರು. ಹೆಂಡತಿ ಒಂದು ಚಮಚ ಬಾಯಿಗಿಟ್ಟು "ಇದು ನಮ್ಮ ಸೌತೆಕಾಯಿ ತಂಬ್ಳಿ, ಒಗ್ಗರಣೆ ಮರೆತಿದಾರೆ ಅಷ್ಟೇ" ಅಂದಳು. ವಂತಿಗೆಯ ಮಾತು ತೆಗೆದಾಗ ಬಾಬಾ ಬೆರಳಿನಲ್ಲಿ ಕತ್ತರಿ ಆಡಿಸಿ ತೋರಿಸಿದರು. ಸಂಬಳದಿಂದಲೇ ಕತ್ತರಿಸಿದ್ದರಂತೆ. "ಕೇಳಲಿಲ್ಲ, ಹೇಳಿದರು" ಅಂತ ಮಗಳು ಅನುವಾದ ಮಾಡಿದಳು. ಆದರೂ ಶಾಲೆ ಮಕ್ಕಳನ್ನು ಕರಕೊಂಡು ಎರಡು ಸಲ ಅಲ್ಲಿಗೆ ಹೋಗಿದ್ದರು. ಹೇಗಿತ್ತು ಅಂತ ಕೇಳಿದೆ. ಮೊದಲು ನೆನಪಾದದ್ದು ಶೌಚಾಲಯದ ಮುಂದಿನ ಸಾಲು. ಆಮೇಲೆ, ಬಾಗಿಲು ದಾಟಿ ತಲೆ ಎತ್ತಿದಾಗ ಮಕ್ಕಳೆಲ್ಲ ಒಟ್ಟಿಗೆ ಸುಮ್ಮನಾದದ್ದು.

ಮಾರನೇ ದಿನ ನಾವು ಗುಡ್ಡ ಹತ್ತಿದೆವು.

ಕಾರು ನಿಲ್ಲಿಸಿ ಮಗಳು ಹಿಂದೆ ಉಳಿದಳು. ನಾನು, ಹೆಂಡತಿ ಮುಂದೆ ನಡೆದೆವು. ಕಾವಲುಗಾರನ ಸಣ್ಣ ಕ್ಯಾಬಿನ್ ಇತ್ತು. ಹೆಂಡತಿ ಬಾಗಿಲ ಕಡೆ ಕೈ ತೋರಿಸಿ, ಹೋಗಬಹುದಾ ಅಂತ ಸನ್ನೆಯಲ್ಲಿ ಕೇಳಿದಳು. ಆತ ಗಂಭೀರವಾಗಿ ತಲೆಯನ್ನು ಮೇಲಕ್ಕೆ ಕೆಳಕ್ಕೆ ಆಡಿಸಿದ. ಸರಿ ಅಂತ ನಾವು ಮೆಟ್ಟಿಲು ಹತ್ತಿದೆವು. ಆತ ಕೂಗುತ್ತಾ ಓಡಿ ಬಂದ. ಮಗಳೂ ಓಡಿ ಬಂದಳು. "ಆಯೀ, ಇಲ್ಲಿ ಹಾಗೆ ತಲೆ ಆಡಿಸಿದ್ರೆ ಇಲ್ಲ ಅಂತ!" ಬಲ್ಗೇರಿಯಾದಲ್ಲಿ ಅಡ್ಡಕ್ಕೆ ಆಡಿಸಿದರೆ ಹೂಂ, ಉದ್ದಕ್ಕೆ ಆಡಿಸಿದರೆ ಊಹೂಂ. ಅರ್ಥ ಆಯ್ತಾ ಅಂತ ಆತ ಕೇಳಿದ. ನಾನು ಊರ ಅಭ್ಯಾಸದಲ್ಲಿ ತಲೆಯನ್ನು ಆ ಕಡೆ ಈ ಕಡೆ ವಾಲಿಸಿದೆ. ಆತನಿಗೆ ಸರಿಯಾಗಿ ಅರ್ಥವಾಯಿತು. ನಮ್ಮಿಬ್ಬರಿಗೆ ಒಂದೇ ಭಾಷೆಯಲ್ಲಿ ಹೂಂ ಅನ್ನಲು ಬಂತು, ನನ್ನ ಹೆಂಡತಿಗೆ ಊಹೂಂ ತಿಳಿಯಲಿಲ್ಲ.

ಒಳಗೆ ಬಿಡುವುದಿಲ್ಲ. ಚಾವಣಿಯಿಂದ ಚೂರು ಬೀಳುತ್ತದೆ. ಹೊರಗೆ ಎಷ್ಟು ಹೊತ್ತು ಬೇಕಾದರೂ ಸುತ್ತಬಹುದು. ನನಗೆ ಅಷ್ಟೇ ಸಾಕಿತ್ತು. ಮಾಡಿನ ರೋಗ ಅರ್ಧದಷ್ಟು ಹೊರಗಿನಿಂದಲೇ ಗೊತ್ತಾಗುತ್ತದೆ.

ಬಾಗಿಲಿನ ಎರಡೂ ಕಡೆ ಗೋಡೆ ತುಂಬ ಆಳೆತ್ತರದ ಕಾಂಕ್ರೀಟು ಅಕ್ಷರ. ದುಡಿಯುವವರೇ ಏಳಿ ಎಂಬ ಅರ್ಥದ ಸಾಲುಗಳು. ಈಗ ಹಲ್ಲು ಬಿದ್ದ ಬಾಯಿಯ ಹಾಗೆ ನಡುನಡುವೆ ಅಕ್ಷರ ಇಲ್ಲ. ಬಾಗಿಲ ಮೇಲೆ ಯಾರೋ ಒಮ್ಮೆ ಬಣ್ಣದಲ್ಲಿ, ಇಂಗ್ಲಿಷ್‌ನಲ್ಲಿ, ನಿನ್ನ ಹಿಂದಿನದನ್ನು ಮರೆತುಬಿಡು ಅಂತ ಬರೆದಿದ್ದರು. ಆಮೇಲೆ ಇನ್ಯಾರೋ ಬಂದು ಒಂದು ಪದ ಸೇರಿಸಿ ಎಂದೂ ಮರೆಯಬೇಡ ಅಂತ ಮಾಡಿದರು. ಫೋಟೋ ತೆಗೆಯುವವರಿಗೆಲ್ಲ ಅದೇ ಬೇಕು. ನಾನು ಆ ಬರಹ ದಾಟಿ ತಟ್ಟೆಯ ಅಡಿಗೆ ಹೋದೆ.

ತಟ್ಟೆಯ ಹೊಟ್ಟೆ ನೆತ್ತಿಯ ಮೇಲೆ ಚಾಚಿಕೊಂಡಿದೆ. ಸೆಂಟ್ರಿಂಗ್ ಹಲಗೆಯ ಗುರುತು ಹಾಗೇ ಇದೆ. ಹಲಗೆಯ ಗಂಟು, ಎಳೆ, ಎರಡು ಹಲಗೆ ಕೂಡಿದ ಕಡೆ ಸಿಮೆಂಟಿನ ಹಾಲು ಇಳಿದ ಗೆರೆ. ಬಾಗಿದ ಮೈಗೆ ಒಂದೊಂದು ಹಲಗೆಯನ್ನೂ ಅಳತೆ ಮಾಡಿ ಕೂರಿಸಿದ ಬಡಗಿಗಳ ಕೈ ಅಲ್ಲಿ ಕಾಣುತ್ತದೆ. ಆ ಕೆಲಸ ನೋಡಿ ನನಗೆ ನಿಜಕ್ಕೂ ಹೊಟ್ಟೆಕಿಚ್ಚಾಯಿತು. ನಲವತ್ತು ವರ್ಷ ಮೇಲಾದರೂ ಕಾಂಕ್ರೀಟು ಹೆಚ್ಚಿನ ಕಡೆ ಗಟ್ಟಿಯಾಗಿದೆ. ನನ್ನ ಜೇಬಿನಲ್ಲಿ ಕಾರವಾರದ ಮನೆಯ ಕೀಲಿಕೈ ಇತ್ತು. ತೆಗೆದು ಗೋಡೆಗೆ ಬಡಿಯುತ್ತಾ ನಡೆದೆ. ಇದು ನಮ್ಮ ಕಸುಬಿನ ಸ್ಟೆತಸ್ಕೋಪು. ಗಟ್ಟಿ ಇದ್ದರೆ ಟಣ್ ಟಣ್ ಅನ್ನುತ್ತದೆ. ಒಳಗೆ ಪದರ ಬಿಟ್ಟಿದ್ದರೆ ಡಬ್ ಅನ್ನುತ್ತದೆ, ಹಳಸಿದ ಹಲಸಿನಕಾಯಿ ಬಡಿದ ಹಾಗೆ. ಟಣ್, ಟಣ್, ಟಣ್. ಮೂಲೆಗೆ ಬಂದಾಗ ಡಬ್.

ಅಲ್ಲಿ ತಲೆ ಎತ್ತಿ ನೋಡಿದೆ. ಮೇಲಿನಿಂದ ಬಿಳಿ ಸುಣ್ಣದ ಗೆರೆ ಇಳಿದು ಬಂದಿತ್ತು, ತುದಿಯಲ್ಲಿ ಸಣ್ಣ ಕೋಡಿನ ಹಾಗೆ ಗಟ್ಟಿಯಾಗಿತ್ತು. ಅದರ ಪಕ್ಕ ಕಂದು ಗೆರೆ. ಬಿಳಿ ಗೆರೆ ಅಂದರೆ ನೀರು ಕಾಂಕ್ರೀಟಿನ ಹೊಟ್ಟೆಯೊಳಗಿಂದ ಹಾದು ಸುಣ್ಣ ತೊಳೆದುಕೊಂಡು ಬಂದಿದೆ ಅಂತ. ಕಂದು ಗೆರೆ ಅಂದರೆ ನೀರು ಸರಳಿಗೆ ಮುಟ್ಟಿದೆ ಅಂತ. ಒಂದು ಗೇಣಿನಷ್ಟು ಜಾಗದಲ್ಲಿ ಪದರ ಕಳಚಿ ಬಿದ್ದು ಸರಳು ಹೊರಗೆ ಕಾಣುತ್ತಿತ್ತು. ತುಕ್ಕು ಎದ್ದು ಎಲೆ ಎಲೆಯಾಗಿತ್ತು.

ಹೊಸ ಹುಡುಗರಿಗೆ ನಾನು ಹೇಳುವುದು ಇದನ್ನೇ. ಕಾಂಕ್ರೀಟಿನೊಳಗಿನ ಸುಣ್ಣ ಸರಳನ್ನು ಕಾಪಾಡುತ್ತದೆ. ಆ ಸುಣ್ಣದ ಗುಣ ಹೋದರೆ ಸರಳಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಸರಳಿಗಿಂತ ಎಷ್ಟೋ ಪಟ್ಟು ಜಾಸ್ತಿ ಜಾಗ ಕೇಳುತ್ತದೆ. ಒಳಗೆ ಜಾಗ ಇಲ್ಲ, ಅದಕ್ಕೆ ಮೇಲಿನ ಪದರವನ್ನು ಒದ್ದು ಬೀಳಿಸುತ್ತದೆ. ಕಾರವಾರದಲ್ಲಿ ಈ ಕೆಲಸ ಮಾಡುವುದು ಕಡಲ ಗಾಳಿಯ ಉಪ್ಪು. ಬುಜ್ಲುಜಾದಲ್ಲಿ ಕಡಲಿಲ್ಲ. ಅಲ್ಲಿ ಮಂಜುಗಡ್ಡೆ. ಬಿರುಕಿಗೆ ಹೋದ ನೀರು ರಾತ್ರಿ ಗಡ್ಡೆ ಕಟ್ಟಿ ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ. ಬಿರುಕು ಒಂದು ಎಳೆ ಅಗಲವಾಗುತ್ತದೆ. ಹಗಲು ಕರಗುತ್ತದೆ. ಇನ್ನೂ ಸ್ವಲ್ಪ ನೀರು ಒಳಗೆ ಹೋಗುತ್ತದೆ. ರಾತ್ರಿ ಮತ್ತೆ ಗಡ್ಡೆ. ಒಂದು ಚಳಿಗಾಲದಲ್ಲಿ ಇದು ಎಷ್ಟು ಸಲ ನಡೆಯುತ್ತದೋ ಲೆಕ್ಕ ಹಾಕಿ. ಹೆಸರಲ್ಲೇ ಅರ್ಧ ಕತೆ ಇದೆ ಅಂದದ್ದು ಇದಕ್ಕೆ.

ನಾನು ಬಡಿಯುವುದನ್ನು ಕಾವಲುಗಾರ ನೋಡುತ್ತಲೇ ಇದ್ದ. ಇವರೇನು ಮಾಡುತ್ತಿದ್ದಾರೆ ಅಂತ ಮಗಳನ್ನು ಕೇಳಿದ. "ಅಪ್ಪ ಸೋರುವ ಮಾಡು ರಿಪೇರಿ ಮಾಡ್ತಾರೆ" ಅಂದಳು. ಆತ ಗಟ್ಟಿಯಾಗಿ ನಕ್ಕ. "ಮೂವತ್ತು ವರ್ಷ ತಡವಾಗಿ ಬಂದರು ಅಂತ ಹೇಳು."

ಲೆಕ್ಕ ಸರಿಯಾಗೇ ಇತ್ತು. ಕಟ್ಟಡ ನಡೆದದ್ದು ಎಂಟೇ ವರ್ಷ. ಅಷ್ಟರಲ್ಲಿ ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಜನ ಬಂದು ನೋಡಿದ್ದರು. 1989ರ ನವೆಂಬರ್ 10ರಂದು, ಬರ್ಲಿನ್ ಗೋಡೆ ತೆರೆದ ಮಾರನೇ ದಿನ, ಮೂವತ್ತೈದು ವರ್ಷ ಪಕ್ಷದ ಚುಕ್ಕಾಣಿ ಹಿಡಿದಿದ್ದ ಜಿವ್ಕೊವ್‌ನನ್ನು ಅವನ ಪಕ್ಷದವರೇ ಇಳಿಸಿದರು. ತೊಂಬತ್ತರ ದಶಕದ ಆರಂಭದಲ್ಲಿ ಪಕ್ಷದ ಆಸ್ತಿ ಸರ್ಕಾರಕ್ಕೆ ಹೋಯಿತು. ಸರ್ಕಾರಕ್ಕೆ ಇದು ಬೇಡವಾಗಿತ್ತು. ಕಾವಲು ತೆಗೆದರು. ಕಾವಲು ಹೋದ ಮೇಲೆ ಬಾಗಿಲು ಹೋಯಿತು, ಗಾಜು ಹೋಯಿತು, ಅಮೃತಶಿಲೆ ಹೋಯಿತು, ವಯರು ಹೋಯಿತು. ಮಾಡಿನ ಮೇಲಿದ್ದ ತಾಮ್ರದ ತಗಡು ಹೋಯಿತು. ನಕ್ಷತ್ರದ ಕೆಂಪು ಗಾಜನ್ನು ನಿಜವಾದ ಮಾಣಿಕ್ಯ ಅಂದುಕೊಂಡು ಬಂದೂಕಿನಿಂದ ಹೊಡೆದರಂತೆ. ಎಪ್ಪತ್ತು ಮೀಟರ್ ಎತ್ತರದಲ್ಲಿ ಅಷ್ಟು ದೊಡ್ಡ ಮಾಣಿಕ್ಯ! ಮನುಷ್ಯನ ಆಸೆಗೆ ಗುರಿ ಮಾತ್ರ ಚೆನ್ನಾಗಿರುತ್ತದೆ. ಮೊಸಾಯಿಕ್‌ನಲ್ಲಿ ಜಿವ್ಕೊವ್‌ನ ಮುಖವನ್ನು ಯಾರೋ ಕೆತ್ತಿ ತೆಗೆದರು. ಲೆನಿನ್‌ನನ್ನು ಬಿಟ್ಟರು, ಮಾರ್ಕ್ಸ್‌ನನ್ನು ಬಿಟ್ಟರು. ತಮ್ಮೂರಿನವನ ಮೇಲೆ ಇರುವಷ್ಟು ಸಿಟ್ಟು ಹೊರಗಿನವರ ಮೇಲೆ ಬರುವುದಿಲ್ಲ, ಅಲ್ವಾ.

ಇದರಲ್ಲಿ ನನಗೆ ತಾಮ್ರದ ತಗಡು ಮುಖ್ಯ. ಉಳಿದದ್ದೆಲ್ಲ ಹೋಗಿದ್ದರೂ ಕಟ್ಟಡ ನಿಲ್ಲುತ್ತಿತ್ತು. ಮಾಡು ಬಿಚ್ಚಿದ ದಿನವೇ ಅದರ ಕತೆ ಬೇರೆಯಾಯಿತು. ನಮ್ಮ ಅಜ್ಜನ ಮನೆ ಸಿರ್ಸಿ ಹತ್ತಿರ, ಸೋಗೆ ಮಾಡಿನದು. ಅಡಿಕೆ ಸೋಗೆಗೆ ಒಂದು ಮಳೆಗಾಲದ ಆಯಸ್ಸು. ಪ್ರತಿ ವರ್ಷ ಹಳೆಯದು ಕಿತ್ತು ಹೊಸದು ಹೊದೆಸಲೇಬೇಕು. ಬಡವರ ಮಾಡು ಅಂತ ನಗುತ್ತಿದ್ದರು. ಆದರೆ ವರ್ಷಕ್ಕೊಮ್ಮೆ ಯಾರಾದರೂ ಮೇಲೆ ಹತ್ತಿ ನೋಡುತ್ತಿದ್ದರು. ಸ್ಲ್ಯಾಬ್ ಬಂದ ಮೇಲೆ ಜನ ಟೆರೇಸ್ ಹತ್ತುವುದು ಹಪ್ಪಳ ಒಣಗಿಸಲು ಮಾತ್ರ.

ಬುಜ್ಲುಜಾ ಯಾರದು ಅನ್ನುವ ಜಗಳ ಇಪ್ಪತ್ತು ವರ್ಷ ಎಳೆಯಿತು. 2011ರಲ್ಲಿ ಸರ್ಕಾರ, ನೀವೇ ಇಟ್ಟುಕೊಳ್ಳಿ ಅಂತ ಹಳೆ ಪಕ್ಷದ ವಾರಸುದಾರರಿಗೆ ಕೊಡಲು ಹೊರಟಿತು. ಅವರು ತಗೊಳ್ಳಲಿಲ್ಲ. ಅದನ್ನು ಓದಿದಾಗ ನನಗೆ ನಗು ಬಂತು, ಯಾಕೆಂದರೆ ನಾನು ಇದೇ ನಾಟಕ ನಮ್ಮ ಜಿಲ್ಲೆಯಲ್ಲೇ ನೋಡಿದ್ದೇನೆ. ಒಂದು ಕಚೇರಿ, ಹೆಸರು ಬೇಡ. ಕಟ್ಟಡ ಒಂದು ಇಲಾಖೆಯದು, ಕೂರುವವರು ಇನ್ನೊಂದು ಇಲಾಖೆಯವರು. ನಾನು ಮಾಡು ನೋಡಲು ಹತ್ತಿದಾಗ ಮಳೆನೀರಿನ ಪೈಪಿನ ಬಾಯಿಯಲ್ಲಿ ಒಂದು ಅಶ್ವತ್ಥದ ಸಸಿ. ಎರಡೇ ಎಲೆ, ಬೆರಳಲ್ಲಿ ಕಿತ್ತರೆ ಬರುವಷ್ಟು. ಕೀಳುತ್ತೇನೆ ಅಂದೆ. ಜೊತೆಗೆ ಬಂದ ಜವಾನ ಗಾಬರಿಯಾದ. ಅಶ್ವತ್ಥ, ಸುಮ್ನೆ ಕಿತ್ತರೆ ಪಾಪ ಅನ್ನುವುದು ಒಂದು. ಯಾರನ್ನು ಕೇಳಿ ಕಿತ್ತಿರಿ ಅಂತ ಮೇಲಿನವರು ಬೈಯುತ್ತಾರೆ ಅನ್ನುವುದು ಇನ್ನೊಂದು. ಎಸ್ಟಿಮೇಟ್ ಕೊಟ್ಟು ಬಂದೆ. ಆ ಇಲಾಖೆ ಈ ಇಲಾಖೆಗೆ ಬರೆಯಿತು, ಈ ಇಲಾಖೆ ಆ ಇಲಾಖೆಗೆ ಬರೆಯಿತು. ಮೂರು ವರ್ಷದ ನಂತರ ಫೋನ್ ಬಂತು. ಹೋದರೆ ಅಶ್ವತ್ಥ ನನ್ನ ಮುಂಗೈಯಷ್ಟು ದಪ್ಪ, ಬೇರು ಪ್ಯಾರಾಪೆಟ್ ಸೀಳಿ ಕೆಳಗಿನ ರೆಕಾರ್ಡ್ ರೂಮಿಗೆ ಇಳಿದಿದೆ. ಕರೆದದ್ದು ಅದಕ್ಕಲ್ಲ. ಹೊರಗಿನ ಗೋಡೆಗೆ ಬಣ್ಣ ಹೊಡೆಯಲು ಹಣ ಮಂಜೂರಾಗಿತ್ತು.

ನಾನು ಮಾಡಿಕೊಡುವುದಿಲ್ಲ ಅಂದೆ. ಬೇರೆ ಯಾರೋ ಮಾಡಿದರು. ಈಗಲೂ ಆ ರಸ್ತೆಯಲ್ಲಿ ಹೋದರೆ ಕಟ್ಟಡ ಕ್ರೀಮ್ ಬಣ್ಣದಲ್ಲಿ ಚೆನ್ನಾಗಿ ಕಾಣುತ್ತದೆ.

ಬುಜ್ಲುಜಾಕ್ಕೆ ಕೊನೆಗೆ ಹಿಂದುಮುಂದು ಕೇಳುವ ಒಬ್ಬರು ಸಿಕ್ಕಿದರು. ಡೋರಾ ಇವಾನೋವಾ ಎಂಬ ಆರ್ಕಿಟೆಕ್ಟ್. ಪಕ್ಷ ಬಿದ್ದ ಕಾಲಕ್ಕೆ ಹುಟ್ಟಿದವರು ಅಷ್ಟೇ, ಆ ಕಾಲದ ನಂಟೂ ಇಲ್ಲ, ಗಾಯವೂ ಇಲ್ಲ. 2015ರಲ್ಲಿ ಒಂದು ಪ್ರತಿಷ್ಠಾನ ಕಟ್ಟಿದರು. 2018ರಲ್ಲಿ ಯುರೋಪಾ ನಾಸ್ಟ್ರಾ ಸಂಸ್ಥೆ ಯುರೋಪಿನ ಅಪಾಯದಲ್ಲಿರುವ ಏಳು ಪರಂಪರೆ ತಾಣಗಳಲ್ಲಿ ಇದನ್ನು ಸೇರಿಸಿತು. ಅದೇ ವರ್ಷ ಹಗಲೂ ರಾತ್ರಿ ಕಾವಲು ಮತ್ತೆ ಬಂತು. ನಮ್ಮನ್ನು ಓಡಿ ಬಂದು ತಡೆದ ಪುಣ್ಯಾತ್ಮನ ಕೆಲಸ ಹುಟ್ಟಿದ್ದು ಹಾಗೆ. 2019ರಲ್ಲಿ ಅಮೆರಿಕದ ಗೆಟ್ಟಿ ಫೌಂಡೇಶನ್ 1,85,000 ಡಾಲರ್ ಕೊಟ್ಟಿತು, ಏನೇನು ಹೇಗೆ ಉಳಿಸಬೇಕು ಅನ್ನುವ ಯೋಜನೆ ಬರೆಯಲು. ಮಾರನೇ ವರ್ಷ ಮತ್ತೆ 60,000 ಡಾಲರ್, ಮೊಸಾಯಿಕ್ ಉದುರದ ಹಾಗೆ ತುರ್ತು ಕೆಲಸಕ್ಕೆ. ಗಾಜಿನ ಚೂರುಗಳ ಅಂಚಿಗೆ ಗಾರೆ ಕೊಟ್ಟು ಹಿಡಿದು ನಿಲ್ಲಿಸಿದರು.

ಇಲ್ಲಿ ನನ್ನದೊಂದು ತಕರಾರು ಇದೆ. ಮಗಳ ಹತ್ತಿರವೂ ಜಗಳ ಆಡಿದ್ದೇನೆ. ಮೊದಲು ಮಾಡು ಮಾಡಬೇಕು, ಆಮೇಲೆ ಗೋಡೆ. ಮೇಲಿನಿಂದ ನೀರು ಸುರಿಯುತ್ತಿರುವಾಗ ಗೋಡೆಯ ಗಾಜು ಅಂಟಿಸುವುದು ನಮ್ಮ ಕ್ರೀಮ್ ಬಣ್ಣದ ಹಾಗೇ ಆಗಲಿಲ್ಲವಾ? ಅವಳು ಡಾಕ್ಟರ್ ಮಾತು ಹೇಳಿದಳು. "ಅಪ್ಪಾ, ರಕ್ತ ಹೋಗ್ತಾ ಇದ್ರೆ ಮೊದಲು ಬಟ್ಟೆ ಕಟ್ಟೂದು. ಆಪರೇಶನ್ ಆಮೇಲೆ." ಉದುರಿದ ಮೊಸಾಯಿಕ್ ಮತ್ತೆ ಬರುವುದಿಲ್ಲ, ಮಾಡಿಗೆ ಬೇಕಾದ ಹಣ ಬರುವ ತನಕ ಇದನ್ನಾದರೂ ಹಿಡಿದಿಡಬೇಕು ಅನ್ನುವುದು ಅವಳ ವಾದ. ಒಪ್ಪಿದೆ, ಮುಕ್ಕಾಲು ಭಾಗ.

ಊರಿಗೆ ಬಂದು ಮಳೆಗಾಲದ ಫೋನುಗಳ ನಡುವೆ ಬುಜ್ಲುಜಾ ಮರೆತೇ ಹೋಗಿತ್ತು. ಆಗಸ್ಟ್ 7ರ ಬೆಳಗಿನ ಜಾವ ಮೇಸ್ತ್ರಿ ಫೋನ್ ಮಾಡಿದ. "ಸಾಹೇಬ್ರೆ, ಕಾಳಿ ಬ್ರಿಜ್ ಬಿತ್ತು." ನಿದ್ದೆಗಣ್ಣಲ್ಲಿ ಯಾವ ಬ್ರಿಜ್ ಅಂತ ಕೇಳಿದೆ. ಕಾರವಾರದವನಿಗೆ ಕಾಳಿಗೆ ಯಾವ ಬ್ರಿಜ್ ಅಂತ ಕೇಳುವ ಪ್ರಮೇಯವೇ ಇಲ್ಲ. ಕೋಡಿಬಾಗದಿಂದ ಸದಾಶಿವಗಡಕ್ಕೆ, ಗೋವಾಕ್ಕೆ ಹೋಗುವ ಹಳೆ ಸೇತುವೆ. 1983ರದ್ದು, ಬುಜ್ಲುಜಾಕ್ಕಿಂತ ಎರಡು ವರ್ಷ ಸಣ್ಣದು. ನಡುರಾತ್ರಿ ಒಂದು ಗಂಟೆ ಸುಮಾರಿಗೆ ಬಿದ್ದಿತ್ತು. ಮೇಲಿದ್ದ ಲಾರಿ ನೀರಿಗೆ ಹೋಗಿತ್ತು. ಅದರ ಚಾಲಕನನ್ನು ಮೀನುಗಾರರು, ಪೊಲೀಸರು ಸೇರಿ ಜೀವಂತ ಎತ್ತಿದ್ದರು.

ಬೆಳಕಾದ ಮೇಲೆ ಹೋಗಿ ನೋಡಿದೆ. ಜನ ಜಾತ್ರೆಯ ಹಾಗೆ ಸೇರಿದ್ದರು. ಮಳೆ ಬರುತ್ತಿತ್ತು. ಕಂಬಗಳ ನಡುವೆ ಸ್ಲ್ಯಾಬ್ ನೀರಿಗೆ ಮುಖ ಹಾಕಿ ಬಿದ್ದಿತ್ತು, ಮುರಿದ ಕಡೆ ಸರಳು ಕಾಣುತ್ತಿತ್ತು. ನಾನು ಆ ಸೇತುವೆ ಮೇಲೆ ಹೈಸ್ಕೂಲು ಕಾಲದಿಂದ ಓಡಾಡಿದವನು. ಗೆಳೆಯರ ಜೊತೆ ಸೈಕಲ್ ನಿಲ್ಲಿಸಿ ಅಳಿವೆಯ ಕಡೆ ಸೂರ್ಯ ಮುಳುಗುವುದು ನೋಡಿದ್ದೇನೆ. ಒಂದು ಸಲವೂ ಬಡಿದು ನೋಡಿರಲಿಲ್ಲ. ಐದು ಸಾವಿರ ಕಿಲೋಮೀಟರಿಗೂ ದೂರ ಹೋಗಿ ಪರದೇಶದ ಗೋಡೆಗೆ ಮನೆ ಕೀಲಿಕೈ ಬಡಿದು ಬಂದವನು. ಆವತ್ತು ಸದಾಶಿವಗಡದಲ್ಲಿ ಒಂದು ಟೆರೇಸ್ ಕೆಲಸ ಇತ್ತು, ಹೋಗಲಾಗಲಿಲ್ಲ.

ನಮ್ಮೂರಿಗೂ ಸೋವಿಯತ್ ಕಾಲದ ಸಾಮಾನು ಹೊಸದಲ್ಲ. ಟಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ನಿಂತಿದೆಯಲ್ಲ, ಅದು ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ್ದು, 2006ರಿಂದ ಇಲ್ಲಿ ಮ್ಯೂಸಿಯಂ. ಪಕ್ಕದಲ್ಲಿ ಟುಪೊಲೆವ್ ವಿಮಾನವೂ ಬಂದು ಕೂತಿದೆ. ಆಚೆ ನೌಕಾನೆಲೆಯಲ್ಲಿ ಇರುವ ವಿಕ್ರಮಾದಿತ್ಯ ಕೂಡ ಕಪ್ಪು ಸಮುದ್ರದ ಹತ್ತಿರದ, ಉಕ್ರೇನಿನ ಮಿಕೊಲಾಯಿವ್‌ನಲ್ಲಿ ಹುಟ್ಟಿದ ಹಡಗು, ನೀರಿಗಿಳಿದದ್ದು 1982ರಲ್ಲಿ. ಹೆಚ್ಚು ಕಡಿಮೆ ಬುಜ್ಲುಜಾದ ಓರಗೆಯದು. ಚಪಲ್‌ನ ಹತ್ತಿರ ಹೋದರೆ ನಾನು ಈಗಲೂ ಮೊದಲು ನೋಡುವುದು ಅಡಿಯ ಬೆಸುಗೆ ಮತ್ತು ಬಣ್ಣ ಎದ್ದ ಜಾಗ. ಮಕ್ಕಳು ಕ್ಷಿಪಣಿ ನೋಡುತ್ತಿರುತ್ತಾರೆ. ಉಪ್ಪು ಗಾಳಿಯಲ್ಲಿ ಕಬ್ಬಿಣ ಇಟ್ಟ ಮೇಲೆ ಬಣ್ಣ ಹೊಡೆಯುತ್ತಲೇ ಇರಬೇಕು, ಬೇರೆ ದಾರಿ ಇಲ್ಲ.

ಗುಡ್ಡದಿಂದ ಇಳಿದ ದಿನದ ಮಾತು ಒಂದು ಉಳಿಯಿತು. ಮೇಲೆ ಇದ್ದಾಗಲೇ ಮಂಜು ಕವಿದು, ಹತ್ತು ನಿಮಿಷದಲ್ಲಿ ನಕ್ಷತ್ರ ಮಾಯ, ಕಂಬ ಮಾಯ, ಕೊನೆಗೆ ತಟ್ಟೆಯೂ ಮಾಯವಾಗಿತ್ತು. ಸಂಜೆ ಪ್ಲೊವ್‌ಡಿವ್‌ಗೆ ಬಂದಾಗ ಬಾಬಾ ಕಾಯುತ್ತಿದ್ದರು. ಫೋಟೋ ತೋರಿಸಿ ಅಂದರು. ಮೊಬೈಲ್ ಕೊಟ್ಟೆ. ಕನ್ನಡಕ ಹಾಕಿಕೊಂಡು ಒಂದೊಂದಾಗಿ ಸರಿಸಿದರು. ಸುಣ್ಣದ ಗೆರೆ. ತುಕ್ಕು ಹಿಡಿದ ಸರಳು. ಬಿರುಕು, ಪಕ್ಕದಲ್ಲಿ ಅಳತೆಗೆ ನನ್ನ ಹೆಬ್ಬೆರಳು. ಹಲಗೆಯ ಗುರುತು. ಮತ್ತೆ ಬಿರುಕು. ನೂರನಲವತ್ತು ಫೋಟೋ. ಮುಗಿದ ಮೇಲೆ ಮಗಳ ಕಡೆ ತಿರುಗಿ ಏನೋ ಕೇಳಿದರು. ಮಗಳು ನಗು ತಡೆಯಲಾರದೆ ಹೇಳಿದಳು. "ಅಪ್ಪಾ, ಇಡೀ ಕಟ್ಟಡದ್ದು ಒಂದೂ ಇಲ್ವಾ ಅಂತ ಕೇಳ್ತಾರೆ."

ಒಂದೂ ಇರಲಿಲ್ಲ.

ಬಾಬಾ ಎದ್ದು ಹೋಗಿ ಒಂದು ಆಲ್ಬಂ ತಂದರು. ಅವರೇ ಮಕ್ಕಳನ್ನು ಕರಕೊಂಡು ಹೋದಾಗ ತೆಗೆದ ಫೋಟೋ. ಕೊರಳಿಗೆ ಕೆಂಪು ವಸ್ತ್ರ ಕಟ್ಟಿದ ಮಕ್ಕಳು ಎರಡು ಸಾಲಿನಲ್ಲಿ, ಗಾಳಿಗೆ ಕೂದಲು ಹಾರಿದೆ. ಹಿಂದೆ ಕಟ್ಟಡ, ಮೇಲಿನ ಅಂಚು ಫೋಟೋದೊಳಗೆ ಸರಿಯಾಗಿ ಹಿಡಿಸಿಲ್ಲ. ನನ್ನ ಕಣ್ಣು ನೆಟ್ಟಗೆ ಅಲ್ಲಿಗೇ ಹೋಯಿತು. ಬಗ್ಗಿ ನೋಡುತ್ತಿದ್ದೆ. ಬಾಬಾ ಆ ಅಂಚಿನ ಮೇಲೆ ಹೆಬ್ಬೆರಳು ಒತ್ತಿ, ಇನ್ನೊಂದು ಕೈಯಿಂದ ಮುಂದಿನ ಸಾಲಿನ ಮೂರನೇ ಹುಡುಗಿಯನ್ನು ತೋರಿಸಿದರು. ಆ ಹುಡುಗಿ ಹತ್ತುವಾಗಲೂ ಇಳಿಯುವಾಗಲೂ ಬಸ್ಸಿನಲ್ಲಿ ವಾಂತಿ ಮಾಡಿಕೊಂಡಿದ್ದಳಂತೆ.